ಗಂಟೆ ಬಾರಿಸುವ ಆ್ಯಪ್ ಬೇಡ, ಮಣ್ಣು ಮುಟ್ಟಿಸುವ ಆ್ಯಪ್ ಬೇಕು

ಕೈತೋಟದವರಿಗಾಗಿ ಮೊಬೈಲ್ ಆ್ಯಪ್ ಮಾಡಿಸಬೇಕೆಂದು ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ನೀರಿನ ರಿಮೈಂಡರ್. ತುಳಸಿಗೆ ದಿನ ಬಿಟ್ಟು ದಿನ, ಮನಿಪ್ಲಾಂಟ್‌ಗೆ ವಾರಕ್ಕೊಮ್ಮೆ, ಗುಲಾಬಿಗೆ ದಿನವೂ ಎಂದು ಒಂದು ಪಟ್ಟಿ ಮಾಡಿಟ್ಟು, ಅದರ ಪ್ರಕಾರ ಮೊಬೈಲ್ ಗಂಟೆ ಬಾರಿಸಿದರೆ ಅರ್ಧ ಕೆಲಸ ಮುಗಿಯಿತೆಂಬುದು ಅವರ ಎಣಿಕೆ. ಆ್ಯಪ್‌ಗಳ ವಿನ್ಯಾಸವನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನಾನು ಆ ಪಟ್ಟಿಯನ್ನು ಪಕ್ಕಕ್ಕಿಡಲು ಮೊದಲ ಸಭೆಯಲ್ಲೇ ಹೇಳುತ್ತೇನೆ. ಕುಂಡದ ಗಿಡ ನೀರಿಲ್ಲದೆ ಸಾಯುವಂತೆಯೇ ನೀರು ಹೆಚ್ಚಾಗಿಯೂ ಸಾಯುತ್ತದೆ, ಮತ್ತು ಎರಡರ ಲಕ್ಷಣವೂ ಮೊದಮೊದಲು ಒಂದೇ ತರಹ ಕಾಣುತ್ತದೆ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿ ನಿಂತರೆ ಬೇರಿಗೆ ಗಾಳಿ ಸಿಗುವುದಿಲ್ಲ. ಗಾಳಿ ಸಿಗದ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಮೇಲಕ್ಕೆ ಎಳೆಯಲಾರದು, ಹಾಗಾಗಿ ಮಣ್ಣು ಒದ್ದೆಯಿದ್ದರೂ ಎಲೆ ಜೋತು ಬೀಳುತ್ತದೆ. ಜೋತುಬಿದ್ದ ಎಲೆಯನ್ನು ನೋಡಿದ ಮನೆಯವರು ಪಾಪ ಬಾಯಾರಿದೆ ಎಂದುಕೊಂಡು ಇನ್ನೊಂದು ಚೊಂಬು ನೀರು ಸುರಿಯುತ್ತಾರೆ. ಕಣ್ಣಿಲ್ಲದ ಆ್ಯಪ್ ಗಂಟೆ ಬಾರಿಸಿ ಸುರಿಸುವುದೂ ಅದೇ ಚೊಂಬನ್ನು.

ದಿನಗಳ ಲೆಕ್ಕದಲ್ಲಿ ನೀರನ್ನು ಹೇಳಲಾಗದಿರುವುದಕ್ಕೆ ಕಾರಣಗಳು ಹಲವು. ಮಣ್ಣಿನ ಕುಂಡದ ಗೋಡೆಯ ಮೂಲಕವೂ ನೀರು ಆವಿಯಾಗುತ್ತದೆ, ಪ್ಲಾಸ್ಟಿಕ್ ಕುಂಡದಲ್ಲಿ ಆಗುವುದಿಲ್ಲ. ಕೆಂಪು ಮಣ್ಣು, ಎರೆಹುಳು ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇವುಗಳ ಪಾಲು ಬದಲಾದಂತೆ ನೀರು ಹಿಡಿದಿಡುವ ಶಕ್ತಿಯೂ ಬದಲಾಗುತ್ತದೆ. ಏಪ್ರಿಲ್‌ನಲ್ಲಿ ತಾರಸಿಯ ಕಾದ ಸಿಮೆಂಟಿನ ಮೇಲೆ ಕುಳಿತ ಮೆಣಸಿನ ಗಿಡವೂ ಆಗಸ್ಟ್‌ನಲ್ಲಿ ಎರಡನೇ ಮಹಡಿಯ ಬಾಲ್ಕನಿಯಲ್ಲಿರುವ ಅದೇ ತಳಿಯ ಗಿಡವೂ ನೀರಿನ ಮಟ್ಟಿಗೆ ಬೇರೆ ಬೇರೆ ಗಿಡಗಳೇ. ಇನ್ನು ಜುಲೈ ತಿಂಗಳ ಮಂಗಳೂರಿಗೂ ಮೇ ತಿಂಗಳ ಕಲಬುರಗಿಗೂ ಒಂದೇ ವೇಳಾಪಟ್ಟಿ ಕೊಡುವ ಆ್ಯಪ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಆದ್ದರಿಂದ ನಾನು ವಿನ್ಯಾಸ ಮಾಡುವ ಪರದೆಯಲ್ಲಿ ‘ಇಂದು ನೀರು ಹಾಕಿ’ ಎಂಬ ಸಾಲು ಇರುವುದಿಲ್ಲ. ಅದರ ಜಾಗದಲ್ಲಿ ಒಂದು ಪ್ರಶ್ನೆ ಇರುತ್ತದೆ: ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ ನೋಡಿ, ಒಣಗಿದೆಯೇ, ತಂಪಾಗಿದೆಯೇ, ಬೆರಳಿಗೆ ಅಂಟುತ್ತಿದೆಯೇ? ಮೂರು ಉತ್ತರಕ್ಕೆ ಮೂರು ಗುಂಡಿಗಳು. ಒಣಗಿದ್ದರೆ ಕುಂಡದ ತಳದ ತೂತಿನಿಂದ ನೀರು ಜಿನುಗುವವರೆಗೆ ಹಾಕಲು ಹೇಳುತ್ತದೆ, ತಂಪಾಗಿದ್ದರೆ ಸುಮ್ಮನಿರಲು ಹೇಳುತ್ತದೆ, ಅಂಟುತ್ತಿದ್ದರೆ ತೂತು ಮುಚ್ಚಿಕೊಂಡಿದೆಯೇ ನೋಡಲು ಹೇಳುತ್ತದೆ. ಕೋಕೋಪೀಟ್ ಹೆಚ್ಚಿರುವ ಕುಂಡಗಳಿಗೆ ಮಾತ್ರ ಪ್ರಶ್ನೆ ಬೇರೆ, ಏಕೆಂದರೆ ಅದರ ಮೇಲ್ಪದರ ಒಣಗಿ ತಿಳಿಬಣ್ಣಕ್ಕೆ ತಿರುಗಿದ್ದರೂ ಕೆಳಗೆ ಸಾಕಷ್ಟು ತೇವ ಉಳಿದಿರುತ್ತದೆ. ಅಲ್ಲಿ ಕುಂಡವನ್ನು ಒಂದು ಬದಿಯಿಂದ ಸ್ವಲ್ಪ ಎತ್ತಿ ಭಾರ ನೋಡುವುದೇ ವಾಸಿ. ಇಂತಹ ಉತ್ತರಗಳು ಕೆಲವು ಸಲ ಬಂದ ಮೇಲೆ ಆ ಮನೆಯ ಆ ಕುಂಡ ಆ ಋತುವಿನಲ್ಲಿ ಎಷ್ಟು ದಿನಕ್ಕೆ ಒಣಗುತ್ತದೆಂಬ ಅಂದಾಜು ಆ್ಯಪ್‌ಗೆ ಸಿಗುತ್ತದೆ, ಮತ್ತು ಮುಂದಿನ ಬಾರಿ ಅದು ಸರಿಯಾದ ಹೊತ್ತಿಗೆ ಪ್ರಶ್ನೆ ಕೇಳುತ್ತದೆ. ಇದಕ್ಕೆ ಕೃತಕ ಬುದ್ಧಿಮತ್ತೆ ಬೇಕಿಲ್ಲ, ಸರಾಸರಿ ತೆಗೆಯುವ ಸಾದಾ ಲೆಕ್ಕ ಸಾಕು. ಹೂಡಿಕೆದಾರರ ಎದುರು ಈ ಮಾತು ಅಷ್ಟು ರುಚಿಸುವುದಿಲ್ಲ, ಅದು ಬೇರೆ ವಿಷಯ.

ಬಿಸಿಲಿನದು ಇನ್ನೊಂದು ಕಥೆ. ವಿದೇಶಿ ಆ್ಯಪ್‌ಗಳು ನಿಮ್ಮ ಕಿಟಕಿ ಯಾವ ದಿಕ್ಕಿಗಿದೆ ಎಂದು ಕೇಳಿ, ದಕ್ಷಿಣ ಎಂದರೆ ಭರ್ತಿ ಬಿಸಿಲು, ಉತ್ತರ ಎಂದರೆ ನೆರಳು ಎಂದು ಗುರುತು ಹಾಕಿಕೊಳ್ಳುತ್ತವೆ. ಯೂರೋಪಿನಲ್ಲಿ ಅದು ವರ್ಷವಿಡೀ ಸರಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 18ರ ಆಸುಪಾಸಿನಲ್ಲಿ ಇನ್ನೊಮ್ಮೆ ನಡುಹಗಲಿನ ಸೂರ್ಯ ನೆತ್ತಿಯ ನೇರಕ್ಕೆ ಬಂದು ನೆರಳೇ ಇಲ್ಲದಂತಾಗುತ್ತದೆ. ಆ ಎರಡು ದಿನಗಳ ನಡುವಿನ ಅವಧಿಯಲ್ಲಿ ಸೂರ್ಯ ನಮ್ಮ ನೆತ್ತಿಯಿಂದ ಉತ್ತರದ ಕಡೆಗೇ ವಾಲಿರುತ್ತಾನೆ. ಅಂದರೆ ಮೇ ತಿಂಗಳಲ್ಲಿ ಉತ್ತರದ ಬಾಲ್ಕನಿಗೆ ಬೆಳಿಗ್ಗೆ ಮತ್ತು ಸಂಜೆ ಓರೆ ಬಿಸಿಲು ನುಗ್ಗುತ್ತದೆ, ದಕ್ಷಿಣದ ಬಾಲ್ಕನಿ ನೆರಳಿಗೆ ಸರಿಯುತ್ತದೆ. ಡಿಸೆಂಬರ್‌ನಲ್ಲಿ ಎಲ್ಲವೂ ತಿರುವುಮುರುವು. ನೆರಳಿನ ಗಿಡವೆಂದು ಉತ್ತರಕ್ಕೆ ಇಟ್ಟ ಜರೀಗಿಡದ ಎಲೆಯಂಚು ಬೇಸಿಗೆಯಲ್ಲಿ ಸುಟ್ಟು ಕಂದಾಗಲು ಇದೂ ಒಂದು ಕಾರಣ. ದಿಕ್ಕನ್ನು ಮೊಬೈಲಿನ ದಿಕ್ಸೂಚಿಯಿಂದ ಅಳೆಯೋಣವೆಂದರೆ ಬಾಲ್ಕನಿಯ ಕಬ್ಬಿಣದ ಗ್ರಿಲ್ ಪಕ್ಕದಲ್ಲಿ ಅದರ ಮುಳ್ಳು ದಾರಿ ತಪ್ಪುತ್ತದೆ. ಹೀಗಾಗಿ ದಿಕ್ಕನ್ನು ಕೇಳದೆ, ಈ ಜಾಗಕ್ಕೆ ಬೆಳಿಗ್ಗೆ ಬಿಸಿಲು ಬೀಳುತ್ತದೆಯೇ, ಮಧ್ಯಾಹ್ನ ಬೀಳುತ್ತದೆಯೇ, ಸಂಜೆ ಬೀಳುತ್ತದೆಯೇ ಎಂದು ಕೇಳಿ, ಅದೇ ಪ್ರಶ್ನೆಯನ್ನು ಋತು ಬದಲಾದಾಗ ಮತ್ತೆ ಕೇಳುವ ಕ್ರಮ ನನಗೆ ಹೆಚ್ಚು ಭರವಸೆಯದಾಗಿ ಕಂಡಿದೆ.

ಈಗ ಎಲ್ಲರ ಕಣ್ಣಿರುವುದು ಫೋಟೊದ ಮೇಲೆ. ಎಲೆಯ ಚಿತ್ರ ತೆಗೆದರೆ ರೋಗದ ಹೆಸರು ಬರಬೇಕು. ಇದು ಎಷ್ಟರ ಮಟ್ಟಿಗೆ ಸಾಧ್ಯ ಎಂಬುದಕ್ಕೆ 2016ರಲ್ಲಿ ಪ್ರಕಟವಾದ, ಈ ಕ್ಷೇತ್ರದಲ್ಲಿ ಎಲ್ಲರೂ ಉಲ್ಲೇಖಿಸುವ ಅಧ್ಯಯನವೊಂದಿದೆ. ಪ್ಲಾಂಟ್‌ವಿಲೇಜ್ ಸಂಗ್ರಹದ 54 ಸಾವಿರಕ್ಕೂ ಹೆಚ್ಚು ಎಲೆಚಿತ್ರಗಳಿಂದ ಕಂಪ್ಯೂಟರನ್ನು ಪಳಗಿಸಿದಾಗ, ಅದೇ ಸಂಗ್ರಹದಿಂದ ಬೇರೆಯಾಗಿ ತೆಗೆದಿಟ್ಟ ಚಿತ್ರಗಳಲ್ಲಿ ಅದು ಶೇ 99ಕ್ಕಿಂತ ಹೆಚ್ಚು ಸರಿಯುತ್ತರ ಕೊಟ್ಟಿತು. ಬೇರೆ ಸಂದರ್ಭಗಳಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದೇ ವ್ಯವಸ್ಥೆಯ ನಿಖರತೆ ಶೇ 31ರ ಸುಮಾರಿಗೆ ಕುಸಿಯಿತು. ಮೊದಲಿನ ಚಿತ್ರಗಳೆಲ್ಲ ಕಿತ್ತು ತಂದ ಒಂಟಿ ಎಲೆಯನ್ನು ಸಾದಾ ಹಿನ್ನೆಲೆಯ ಮೇಲಿಟ್ಟು ತೆಗೆದವು. ಮನೆಯವರು ತೆಗೆಯುವ ಚಿತ್ರದಲ್ಲಿ ಎಲೆಯ ಹಿಂದೆ ಬಕೆಟ್, ಒಣಗಿಸಿದ ಬಟ್ಟೆ, ಪಕ್ಕದ ಕುಂಡದ ಎಲೆ ಎಲ್ಲವೂ ಇರುತ್ತವೆ. ಅಂದಿನಿಂದ ತಂತ್ರಜ್ಞಾನ ಬಹಳ ಮುಂದುವರಿದಿರುವುದು ನಿಜವಾದರೂ, ಪ್ರಯೋಗದ ಚಿತ್ರಕ್ಕೂ ತಾರಸಿಯ ಚಿತ್ರಕ್ಕೂ ಇರುವ ಈ ಅಂತರವನ್ನು ಮರೆತು ವಿನ್ಯಾಸ ಮಾಡುವಂತಿಲ್ಲ.

ಮೆಣಸಿನ ಗಿಡದ ಮುಟುರನ್ನೇ ತೆಗೆದುಕೊಳ್ಳಿ. ಎಲೆ ಮುದುಡಿದೆ ಎಂದು ಫೋಟೊ ಹೇಳಬಲ್ಲದು, ಆದರೆ ಉಪಾಯ ನಿಂತಿರುವುದು ಅದು ಯಾವ ಕಡೆಗೆ ಮುದುಡಿದೆ ಎಂಬುದರ ಮೇಲೆ. ಎಲೆಯ ಅಂಚುಗಳು ದೋಣಿಯಂತೆ ಮೇಲಕ್ಕೆ ಮಡಚಿಕೊಂಡಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ನುಸಿ. ಮಗುಚಿದ ದೋಣಿಯಂತೆ ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿ. ಎಲೆ ಸಣ್ಣದಾಗಿ, ಗಿಣ್ಣುಗಳು ಒತ್ತೊತ್ತಾಗಿ, ಗಿಡವೇ ಕುಬ್ಜವಾಗಿದ್ದು ಎಲೆಯಡಿ ಬಿಳಿನೊಣಗಳು ಹಾರಾಡಿದರೆ ಅವು ಹರಡುವ ನಂಜುರೋಗದ ಸಂಶಯ. ಮೊದಲೆರಡಕ್ಕೆ ಸಂಜೆಯ ಹೊತ್ತು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ನೀರಿನೊಂದಿಗೆ ಬೆರೆಸಿ ಎಲೆಯ ಕೆಳಭಾಗಕ್ಕೆ ತಾಗುವಂತೆ ಸಿಂಪಡಿಸಿ ನೋಡಬಹುದು. ಮೂರನೆಯದಕ್ಕೆ ಔಷಧವಿಲ್ಲ, ಪಕ್ಕದ ಗಿಡಗಳಿಗೆ ಹರಡುವ ಮೊದಲು ಕಿತ್ತು ಹಾಕುವುದೊಂದೇ ದಾರಿ. ಆದ್ದರಿಂದ ಫೋಟೊ ಬಂದ ಕೂಡಲೇ ಹೆಸರನ್ನು ಹೇಳಿಬಿಡದೆ, ಆ್ಯಪ್ ಎಲೆಯನ್ನು ಮಗುಚಿ ನೋಡಲು ಹೇಳಬೇಕು, ಎರಡು ಚಿತ್ರಗಳನ್ನು ಅಕ್ಕಪಕ್ಕ ತೋರಿಸಿ ನಿಮ್ಮದು ಯಾವ ತರಹ ಎಂದು ಕೇಳಬೇಕು. ಎಲೆ ಹಳದಿಯಾಗುವುದೂ ಹೀಗೆಯೇ. ಬುಡದ ಹಳೆಯ ಎಲೆಗಳು ಒಟ್ಟಾರೆ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು, ಏಕೆಂದರೆ ಗಿಡ ಹಳೆಯ ಎಲೆಯಿಂದ ಅದನ್ನು ಎಳೆದು ಚಿಗುರಿಗೆ ಕೊಡುತ್ತದೆ. ಚಿಗುರೆಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ, ಮತ್ತು ಗಡಸು ಬೋರ್‌ವೆಲ್ ನೀರನ್ನೇ ಸದಾ ಹಾಕುವ ಮನೆಗಳಲ್ಲಿ ಮಣ್ಣು ಕ್ಷಾರೀಯವಾಗಿ, ಕಬ್ಬಿಣ ಇದ್ದೂ ಬೇರಿಗೆ ದಕ್ಕದಿರುವುದು ಸಾಮಾನ್ಯ. ನೀರು ಯಾವುದೆಂದು ಕೇಳದ ಆ್ಯಪ್ ಇಲ್ಲಿ ಗೊಬ್ಬರ ಹಾಕಿ ಎಂದುಬಿಡುತ್ತದೆ.

ಸಂಶಯವಿದ್ದಾಗ ‘ಖಚಿತವಾಗಿ ಹೇಳಲಾಗುತ್ತಿಲ್ಲ’ ಎಂಬ ಪರದೆಯನ್ನು ಮೊದಲಿನಿಂದಲೇ ಚೆನ್ನಾಗಿ ವಿನ್ಯಾಸ ಮಾಡಿಡಬೇಕು. ಅದು ಕೊನೆಗೆ ಸೇರಿಸುವ ತೇಪೆಯಲ್ಲ. ತಿನ್ನಬಹುದೇ ಎಂಬ ಪ್ರಶ್ನೆಗೆ ಮಾತ್ರ ಫೋಟೊ ನೋಡಿ ಎಂದೂ ಉತ್ತರಿಸಕೂಡದು. ಕಣಗಿಲೆಯಂತಹ ವಿಷದ ಗಿಡಗಳು ನಮ್ಮ ಅಂಗಳದಲ್ಲೇ ಇವೆ.

ಗಿಡದ ಜೊತೆಗೆ ತಳಿಯನ್ನೂ ದಾಖಲಿಸುವ ಜಾಗವಿರಲಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ಟೊಮೆಟೊ ಎಲೆ ಮುಟುರು ನಂಜು, ದುಂಡಾಣು ಸೊರಗು ಮತ್ತು ಅಂಗಮಾರಿ ಮೂರನ್ನೂ ತಾಳಿಕೊಳ್ಳಲೆಂದೇ ರೂಪಿಸಿದ ತಳಿ. ಅದನ್ನು ಬೆಳೆದವರಿಗೂ ಅಡುಗೆಮನೆಯ ಹಣ್ಣಿನ ಬೀಜ ಉದುರಿಸಿದವರಿಗೂ ಒಂದೇ ಎಚ್ಚರಿಕೆ ಕಳಿಸುವುದರಲ್ಲಿ ಅರ್ಥವಿಲ್ಲ. ಹುಡುಕಾಟದಲ್ಲಿ ದೊಡ್ಡಪತ್ರೆ ಎಂದರೂ ಸಾಂಬ್ರಾಣಿ ಎಂದರೂ ಒಂದೇ ಗಿಡ ಸಿಗಬೇಕೆಂಬುದು ಹೇಳದೆಯೂ ತಿಳಿಯುವ ಮಾತು.

ಕನ್ನಡದ ಪರದೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇಂಗ್ಲಿಷಿನಲ್ಲಿ ವಿನ್ಯಾಸ ಮುಗಿಸಿ ಪದಗಳನ್ನಷ್ಟೇ ಬದಲಿಸಿದರೆ ಮೊದಲು ಕತ್ತರಿಸಿಹೋಗುವುದು ಒತ್ತಕ್ಷರಗಳು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದ ಗುಂಡಿಯಲ್ಲಿ ‘ಹಿಟ್ಟುತಿಗಣೆ’, ‘ಕೊಟ್ಟಿಗೆ ಗೊಬ್ಬರ’ ಎಂಬ ಪದಗಳ ಕೆಳಗಿನ ಟ-ಬ ಒತ್ತುಗಳು ಅರ್ಧಕ್ಕೆ ತುಂಡಾಗುತ್ತವೆ. ಅಕ್ಷರ ದೊಡ್ಡದು ಮಾಡಿಕೊಂಡು ಓದುವ ಹಿರಿಯರ ಮೊಬೈಲಿನಲ್ಲಿ ಇದು ಇನ್ನೂ ಕೆಡುತ್ತದೆ, ಮತ್ತು ಕೈತೋಟಕ್ಕೆ ದಿನವೂ ಸಮಯ ಕೊಡುವವರಲ್ಲಿ ನಿವೃತ್ತರು ಬಹಳ ಮಂದಿ. ಸಾಲಿನ ಅಂತರವನ್ನು ಕನ್ನಡಕ್ಕೆ ತಕ್ಕಂತೆ ಹೆಚ್ಚಿಸಿ, ಗುಂಡಿಯ ಎತ್ತರ ಪಠ್ಯಕ್ಕೆ ತಕ್ಕಂತೆ ಬೆಳೆಯುವಂತೆ ಬಿಟ್ಟರೆ ಸಾಕು. ಮಣ್ಣು ಮೆತ್ತಿದ ಕೈಯಲ್ಲಿ ಟೈಪ್ ಮಾಡಲಾಗದು, ಹಾಗಾಗಿ ಟಿಪ್ಪಣಿಗೆ ಧ್ವನಿಮುದ್ರಣವಿರಲಿ, ಗುಂಡಿಗಳು ದೊಡ್ಡದಿರಲಿ, ಎಲ್ಲವೂ ಪರದೆಯ ಕೆಳಭಾಗದಲ್ಲಿ ಹೆಬ್ಬೆರಳಿಗೆ ಎಟಕುವಂತಿರಲಿ. ತಾರಸಿಯ ಬಿಸಿಲಿನಲ್ಲಿ ತಿಳಿಬೂದು ಅಕ್ಷರ ಕಾಣುವುದಿಲ್ಲ ಎಂಬುದನ್ನು ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತ ವಿನ್ಯಾಸಕರಿಗೆ ಒಮ್ಮೆ ಮೇಲಕ್ಕೆ ಕರೆದುಕೊಂಡು ಹೋಗಿಯೇ ತೋರಿಸಬೇಕು.

ನೋಟಿಫಿಕೇಶನ್ ವಿಷಯದಲ್ಲಿ ಜಿಪುಣತನವೇ ಒಳ್ಳೆಯದು. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಈಚೆಗೆ ಹೊಸ ಆ್ಯಪ್ ಬಳಕೆದಾರರ ಅನುಮತಿ ಪಡೆಯದೆ ನೋಟಿಫಿಕೇಶನ್ ಕಳಿಸುವಂತಿಲ್ಲ. ಅನುಮತಿಯನ್ನು ಆ್ಯಪ್ ತೆರೆದ ಕೂಡಲೇ ಕೇಳಿದರೆ ಬೇಡ ಎನ್ನುವವರೇ ಹೆಚ್ಚು, ಮೊದಲ ಗಿಡವನ್ನು ಸೇರಿಸಿ ಒಮ್ಮೆ ಮಣ್ಣು ನೋಡಿದ ಮೇಲೆ ಕೇಳಿದರೆ ಅದಕ್ಕೊಂದು ಕಾರಣವಿರುತ್ತದೆ. ಇಪ್ಪತ್ತು ಕುಂಡಗಳಿದ್ದರೆ ಇಪ್ಪತ್ತು ಸಲ ಗಂಟೆ ಬಾರಿಸದೆ, ಬೆಳಗಿನ ಕಾಫಿಯ ಹೊತ್ತಿಗೆ ಒಂದೇ ಸಂದೇಶ: ಇಂದು ಈ ನಾಲ್ಕು ಕುಂಡಗಳನ್ನು ಮುಟ್ಟಿ ನೋಡಿ. ಮಳೆ ಬಂದಿದ್ದರೆ ಅದೂ ಬೇಡ, ಆದರೆ ಮಾಳಿಗೆಯಡಿಯ ಕುಂಡಕ್ಕೆ ಮಳೆ ಬೀಳುವುದಿಲ್ಲವೆಂಬುದು ಆ್ಯಪ್‌ಗೆ ಗೊತ್ತಿರಬೇಕು.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸುವುದಾಗಿ ಹೇಳಿದ್ದು ಓದುಗರಿಗೆ ನೆನಪಿರಬಹುದು. ಅಂತಹ ದಿನಗಳಲ್ಲಿ ‘ನೀರು ಹಾಕಿ’ ಎಂದು ಒತ್ತಾಯಿಸುವ ಆ್ಯಪ್ ಬಳಕೆದಾರರನ್ನು ತಪ್ಪು ಮಾಡಲು ಪ್ರೇರೇಪಿಸಿದಂತೆ. ಬರಗಾಲದ ಸ್ಥಿತಿ ಎಂಬ ಒಂದು ಆಯ್ಕೆ ಇಟ್ಟರೆ, ಅದನ್ನು ಒತ್ತಿದ ಕೂಡಲೇ ಆದ್ಯತೆಯ ಕ್ರಮ ಬದಲಾಗುತ್ತದೆ: ಕುಂಡಗಳನ್ನು ಒತ್ತಾಗಿ ನೆರಳಿಗೆ ಸರಿಸಿ, ಮಣ್ಣಿನ ಮೇಲೆ ಒಣಎಲೆಯ ಹೊದಿಕೆ ಹಾಕಿ, ಅಕ್ಕಿ ಮತ್ತು ತರಕಾರಿ ತೊಳೆದ ನೀರನ್ನು ಬಳಸಿ, ಆರ್‌ಒ ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಲವಣ ಹೆಚ್ಚಿರುವುದರಿಂದ ಅದನ್ನೇ ಸತತವಾಗಿ ಹಾಕಬೇಡಿ, ದಾಸವಾಳ ಮಲ್ಲಿಗೆಗಳಂತಹ ಬಹುವಾರ್ಷಿಕಗಳನ್ನು ಮೊದಲು ಉಳಿಸಿಕೊಳ್ಳಿ, ಸೊಪ್ಪನ್ನು ಮತ್ತೆ ಬಿತ್ತಬಹುದು.

ಗಿಡ ಸತ್ತಾಗ ಏನು ಮಾಡಬೇಕೆಂಬುದನ್ನು ಹೆಚ್ಚಿನ ಆ್ಯಪ್‌ಗಳು ಯೋಚಿಸಿಯೇ ಇರುವುದಿಲ್ಲ. ‘ಅಳಿಸಿ’ ಎಂಬ ಗುಂಡಿ ಇರುತ್ತದೆ, ಒತ್ತಿದರೆ ಅದರ ಇಡೀ ಚರಿತ್ರೆ ಹೋಗುತ್ತದೆ. ವಿನ್ಯಾಸಕರ ಕಣ್ಣಿನಲ್ಲಿ ಅದೇ ಅತ್ಯಂತ ಬೆಲೆಬಾಳುವ ದಾಖಲೆ. ಯಾವ ತಿಂಗಳು, ಯಾವ ಜಾಗ, ಕೊನೆಯ ಕೆಲವು ವಾರ ಮಣ್ಣಿನ ಬಗ್ಗೆ ಬಂದ ಉತ್ತರಗಳು ಏನು, ಬುಡ ಕಿತ್ತಾಗ ಬೇರು ಬಿಳಿಯಾಗಿತ್ತೇ ಕಂದಾಗಿ ಲೋಳೆಯಾಗಿತ್ತೇ ಎಂಬ ಒಂದೆರಡು ಪ್ರಶ್ನೆ ಕೇಳಿ ಉಳಿಸಿಕೊಂಡರೆ, ಮುಂದಿನ ವರ್ಷ ಅದೇ ಮೂಲೆಯಲ್ಲಿ ಅದೇ ಗಿಡ ಇಡಲು ಹೊರಟವರಿಗೆ ಹೇಳಲು ಆ್ಯಪ್ ಬಳಿ ನಿಜವಾದ ಮಾತೊಂದಿರುತ್ತದೆ. ಬಾಡಿದ ಹೂವಿನ ಅಳುಮೋರೆಯ ಚಿತ್ರವನ್ನು ಮಾತ್ರ ದಯವಿಟ್ಟು ಹಾಕಬೇಡಿ.

ಕೊನೆಯದು ಹಣದ ವಿಷಯ. ದಿನಕ್ಕೆ ಎಷ್ಟು ಜನ ಆ್ಯಪ್ ತೆರೆದರು ಎಂಬ ಅಳತೆಗೋಲನ್ನು ಇಲ್ಲಿಗೆ ತಂದರೆ ಮೇಲೆ ಹೇಳಿದ ಎಲ್ಲವೂ ಒಂದೊಂದಾಗಿ ಬಿದ್ದುಹೋಗುತ್ತದೆ, ಏಕೆಂದರೆ ಆರೋಗ್ಯವಾಗಿರುವ ತೋಟದ ಒಡೆಯರಿಗೆ ಆ್ಯಪ್ ತೆರೆಯುವ ಕೆಲಸವೇ ಕಡಿಮೆ. ನಾನು ಸೂಚಿಸುವ ಅಳತೆ, ಸೇರಿಸಿದ ಗಿಡಗಳಲ್ಲಿ ಆರು ತಿಂಗಳ ನಂತರ ಎಷ್ಟು ಬದುಕಿವೆ ಎಂಬುದು. ರೋಗದ ಹೆಸರಿನ ಕೆಳಗೇ ಔಷಧದ ‘ಖರೀದಿಸಿ’ ಗುಂಡಿ ಇಡುವ ಮಾದರಿಯನ್ನು ನಾನು ಒಪ್ಪಿಕೊಳ್ಳುವುದಿಲ್ಲ: ಸಂಶಯವಿರುವಾಗಲೂ ಏನಾದರೊಂದು ರೋಗ ಹೇಳುವ ಆಸೆ ಅಲ್ಲಿಂದಲೇ ಹುಟ್ಟುತ್ತದೆ, ಮತ್ತು ಮನೆಯವರು ಆ ಸೊಪ್ಪನ್ನು ಮರುದಿನವೇ ಕೊಯ್ದು ಸಾರಿಗೆ ಹಾಕುವವರು. ವರ್ಷದ ಚಂದಾ, ಸ್ಥಳೀಯ ನರ್ಸರಿಗಳ ಸಸಿ ಮತ್ತು ಬೀಜದ ಮಾರಾಟದಲ್ಲಿ ಪಾಲು, ಅಪಾರ್ಟ್‌ಮೆಂಟ್ ಸಂಘಗಳಿಗೆ ಒಟ್ಟಾಗಿ ಕೊಡುವ ಸೇವೆ ಇವುಗಳಿಂದ ಬರುವ ಹಣ ನಿಧಾನವಾಗಿ ಬರುತ್ತದೆ. ಯೋಜನೆಯ ಮೊದಲ ಎರಡು ವರ್ಷದ ಲೆಕ್ಕವನ್ನು ಆ ನಿಧಾನಕ್ಕೆ ತಕ್ಕಂತೆಯೇ ಹಾಕಿಕೊಳ್ಳಬೇಕಾಗುತ್ತದೆ.