ಪುಣೆಯಲ್ಲಿ ಬಿಟ್ಟ ನೀರು ಭೀಮೆಗೇ ಬರುತ್ತದೆ

ಏಪ್ರಿಲ್ ತಿಂಗಳಲ್ಲಿ ಪುಣೆಯ ಡೆಕ್ಕನ್ ಹತ್ತಿರ ನದಿ ದಂಡೆಗೆ ಇಳಿದರೆ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ನಡುವೆ ಕಪ್ಪು ನೀರಿನ ಒಂದು ಪಟ್ಟಿ. ಅಂಚಿನ ಪೊದೆಗಳಿಗೆ ಹರಿದ ಪ್ಲಾಸ್ಟಿಕ್ ಜೋತುಬಿದ್ದಿರುತ್ತದೆ. ಇದು ಮುಠಾ ನದಿ. ಕಲಬುರಗಿ ಜಿಲ್ಲೆಯ ಅಫಜಲಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬರು ಒಮ್ಮೆ ಅಲ್ಲಿ ನಿಂತು, ಈ ನೀರು ಎಲ್ಲಿಗೆ ಹೋಗುತ್ತದೆ ಅಂತ ನನ್ನನ್ನು ಕೇಳಿದರು. ಭೀಮೆಗೆ ಅಂದೆ. ಅವರು ಸುಮ್ಮನಾಗಿಬಿಟ್ಟರು. ಅವರ ಹೊಲಕ್ಕೆ ಹರಿಯುವುದೂ ಭೀಮೆಯ ನೀರೇ.

ದಾರಿ ಹೀಗಿದೆ. ಪುಣೆಯ ಸಂಗಮದಲ್ಲಿ ಮುಳಾ ಮತ್ತು ಮುಠಾ ಕೂಡುತ್ತವೆ. ಮುಂದೆ ರಾಂಜಣಗಾವ್ ಸಾಂಡಸ್ ಬಳಿ ಭೀಮೆಯನ್ನು ಸೇರುತ್ತವೆ. ಆಮೇಲೆ ಉಜನಿ ಅಣೆಕಟ್ಟು, ಪಂಢರಪುರ, ಸೊಲ್ಲಾಪುರ ಜಿಲ್ಲೆಯ ಅಂಚು. ನಂತರ ನಮ್ಮ ಕರ್ನಾಟಕದ ಸೊನ್ನ ಬ್ಯಾರೇಜ್, ಗಾಣಗಾಪುರ. ಕೊನೆಗೆ ರಾಯಚೂರಿನ ಕಡ್ಲೂರು ಹತ್ತಿರ ಕೃಷ್ಣೆ.

ನದಿ ಕೆಟ್ಟಿದ್ದು ಕೊಳಚೆಯಿಂದ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತು. ಮೊದಲು ನದಿಯ ಸ್ವಂತ ನೀರು ಹೋಯಿತು. 1879ರಲ್ಲಿ ಖಡಕವಾಸಲಾ ಅಣೆಕಟ್ಟು ಆಯಿತು. ಅದರ ಮೇಲ್ಗಡೆ ಕಟ್ಟುತ್ತಿದ್ದ ಪಾನಶೇತ್ ಅಣೆಕಟ್ಟು 1961ರ ಜುಲೈ 12ರಂದು ಒಡೆದು ಅರ್ಧ ಊರನ್ನೇ ಮುಳುಗಿಸಿತು. ಆದರೂ ಅದನ್ನು ಮತ್ತೆ ಕಟ್ಟಿದರು. ವರಸಗಾವ್, ಟೇಮಘರ್ ಕೂಡ ಬಂದವು. ಮುಳಶಿ ಅಣೆಕಟ್ಟಿನ ನೀರಂತೂ ವಿದ್ಯುತ್ತಿಗಾಗಿ ಘಟ್ಟ ಇಳಿದು ಕೊಂಕಣಕ್ಕೆ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಮುಠೆಯ ನೀರು ಪೈಪಿನಲ್ಲಿ ಪುಣೆಯ ನಮ್ಮ ನಲ್ಲಿಗೆ, ಕಾಲುವೆಯಲ್ಲಿ ಹೊಲಗಳಿಗೆ ಹೋಗುತ್ತದೆ. ನದಿಗೆ ವಾಪಸ್ ಬರುವುದು ನಮ್ಮ ಬಚ್ಚಲಿನ ನೀರು. ಕೊಳಕನ್ನು ತೆಳುಮಾಡಲು ಬೇರೆ ನೀರೇ ಅಲ್ಲಿಲ್ಲ.

ಶುದ್ಧೀಕರಣ ಘಟಕದಲ್ಲಿ ನಡೆಯುವುದು ಸರಳ ಕೆಲಸ. ದೊಡ್ಡ ತೊಟ್ಟಿಯಲ್ಲಿ ಗಾಳಿ ಊದುತ್ತಾರೆ. ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು ಕೆಸರಾಗಿ ತಳಕ್ಕೆ ಕೂರುತ್ತವೆ. ಆ ಊಟ ತೊಟ್ಟಿಯಲ್ಲಿ ಮುಗಿಯದಿದ್ದರೆ ನದಿಯಲ್ಲಿ ಮುಂದುವರಿಯುತ್ತದೆ, ಮೀನಿಗೆ ಬೇಕಾದ ಆಮ್ಲಜನಕ ಖಾಲಿಯಾಗುತ್ತದೆ. ಹಾಗಾಗಿಯೇ, ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಅಂತ ಹೇಳುವ ಬಿಓಡಿ ಎಂಬ ಅಳತೆಗೆ ಅಷ್ಟು ಮಹತ್ವ. 2017ರಲ್ಲಿ ಕೇಂದ್ರ ಸರ್ಕಾರ ಮಹಾನಗರಗಳ ಘಟಕಗಳಿಂದ ಹೊರಬಿಡುವ ನೀರಿನಲ್ಲಿ ಬಿಓಡಿ ಲೀಟರಿಗೆ 20 ಮಿಲಿಗ್ರಾಂವರೆಗೆ ಇರಬಹುದು ಅಂದಿತು. 2019ರಲ್ಲಿ ಹಸಿರು ನ್ಯಾಯಮಂಡಳಿ, ಇಲ್ಲ, 10ಕ್ಕೆ ಇಳಿಸಿ ಅಂದಿತು. ನ್ಯಾಯಮಂಡಳಿ ಹೇಳಿದ್ದೇ ಸರಿ. ಬೇಸಿಗೆಯಲ್ಲಿ ಬೇರೆ ನೀರೇ ಇಲ್ಲದ ಮುಠೆಯಂಥ ನದಿಗೆ 20 ತೀರಾ ಜಾಸ್ತಿ.

ಪುಣೆಯ ಹಳೆಯ ಘಟಕಗಳ ಒಟ್ಟು ಸಾಮರ್ಥ್ಯ ದಿನಕ್ಕೆ 477 ದಶಲಕ್ಷ ಲೀಟರ್. ಭೈರೋಬಾ ನಾಲಾದ ಘಟಕವೊಂದೇ 130 ದಶಲಕ್ಷ ಲೀಟರಿನದು. ಊರಲ್ಲಿ ಹುಟ್ಟುವ ಕೊಳಚೆ ಇದಕ್ಕಿಂತ ಬಹಳ ಹೆಚ್ಚು. ಅದಕ್ಕಾಗಿಯೇ 2016ರ ಜನವರಿಯಲ್ಲಿ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ ಜೊತೆ ಸಾಲದ ಒಪ್ಪಂದವಾಯಿತು. 11 ಹೊಸ ಘಟಕ, ಇನ್ನೂ 396 ದಶಲಕ್ಷ ಲೀಟರ್, ಅಂದಾಜು 990 ಕೋಟಿ ರೂಪಾಯಿ. 2022ಕ್ಕೆ ಮುಗಿಯಬೇಕಿದ್ದ ಯೋಜನೆಗೆ ಅಡಿಗಲ್ಲು ಬಿದ್ದದ್ದೇ 2022ರ ಮಾರ್ಚ್‌ನಲ್ಲಿ! ಅಷ್ಟರಲ್ಲಿ ಊರು ಕಾಯಲಿಲ್ಲ. 2017ರಲ್ಲಿ 11 ಹಳ್ಳಿ, 2021ರಲ್ಲಿ 23 ಹಳ್ಳಿ ಪಾಲಿಕೆಗೆ ಸೇರಿದವು.

ಘಟಕ ಕಟ್ಟಿದರೆ ಸಾಲದು. ಕೊಳಚೆ ಅಲ್ಲಿವರೆಗೆ ಹೋಗಬೇಕು, ಅಲ್ವಾ? ಎಷ್ಟೋ ಬಡಾವಣೆಗಳ ನೀರು ಪೈಪಿಗೆ ಸೇರದೆ ನಾಲಾಗಳ ಮೂಲಕ ಸೀದಾ ನದಿಗೆ ಬೀಳುತ್ತದೆ. ಬಿಓಡಿ ಇಳಿದರೂ ಸಾರಜನಕ, ರಂಜಕ ಹಾಗೇ ಉಳಿಯಬಹುದು. ಅವನ್ನು ತೆಗೆಯಲು ಬೇರೆಯದೇ ವ್ಯವಸ್ಥೆ ಬೇಕು. ಇವೆರಡೂ ಪಾಚಿಗೂ ಅಂತರಗಂಗೆಗೂ ಒಳ್ಳೆ ಗೊಬ್ಬರ. ಇಲ್ಲಿ ಅಂತರಗಂಗೆಗೆ ಜಲಪರ್ಣಿ ಅನ್ನುತ್ತಾರೆ. ಬೇಸಿಗೆಯಲ್ಲಿ ಅದು ನದಿಯನ್ನು ಹಸಿರು ಕಂಬಳಿಯ ಹಾಗೆ ಮುಚ್ಚಿ, ಕೆಳಗೆ ಬೆಳಕು ಇಳಿಯದಂತೆ ಮಾಡುತ್ತದೆ.

ಉಜನಿ ಜಲಾಶಯ ಹರಿಯುವ ನದಿಯಲ್ಲ. ನೀರು ಅಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಮೇಲಿನಿಂದ ಬಂದ ಗೊಬ್ಬರವೂ ಅದರ ಜೊತೆ ನಿಲ್ಲುತ್ತದೆ, ನೀರು ಹಸಿರಾಗುತ್ತದೆ. ಅದೇ ಹಿನ್ನೀರಿನ ಭಿಗವಣಕ್ಕೆ ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ, ನಾವು ಕ್ಯಾಮೆರಾ ಹಿಡಿದು ಹೋಗುತ್ತೇವೆ. ಅಲ್ಲಿಯ ಮೀನುಗಾರರ ಹೊಟ್ಟೆಪಾಡು ಆ ನೀರಿನಲ್ಲೇ ಇದೆ. ಸೊಲ್ಲಾಪುರ ಕುಡಿಯುವುದೂ ಉಜನಿಯ ನೀರನ್ನೇ.

ಜುಲೈನಲ್ಲಿ ಖಡಕವಾಸಲಾದ ಗೇಟು ತೆಗೆದಾಗ ಪುಣೆಯ ಜನ ಸೇತುವೆಗಳ ಮೇಲೆ ಸಾಲಾಗಿ ನಿಲ್ಲುತ್ತಾರೆ. ಕೆಂಪು ನೀರು ತುಂಬಿ ಬರುತ್ತದೆ, ಜಲಪರ್ಣಿ ಕಿತ್ತುಕೊಂಡು ಹೋಗುತ್ತದೆ. ನದಿ ಸ್ವಚ್ಛ ಆಯಿತು ಅಂತ ಪಕ್ಕದಲ್ಲಿ ನಿಂತವರು ಹೇಳುತ್ತಾರೆ. ನನಗೆ ಆಗೆಲ್ಲ ಅಫಜಲಪುರದ ಆ ಹೆಂಗಸಿನ ನೆನಪಾಗುತ್ತದೆ. ಕಿತ್ತುಹೋದದ್ದೆಲ್ಲ ಅವರ ಊರಿನ ದಾರಿಯಲ್ಲೇ ಇರುತ್ತದೆ.