ಬಿಳಿ ರೋಗ, 1937: ಒಂದು ಹಳೆಯ ಚೆಕ್ ಸಿನಿಮಾ ನೋಡುವಾಗ

ಮೊದಲು ಹೆಸರು ಬಿಡಿಸಿಕೊಳ್ಳೋಣ. ಸಿನಿಮಾದ ಚೆಕ್ ಹೆಸರು ‘ಬೀಲಾ ನೆಮೊತ್ಸ್’. ಬೀಲಾ ಅಂದರೆ ಬಿಳಿ. ನಮ್ಮ ಬಿಳಿಗೂ ಅದಕ್ಕೂ ನಂಟಿಲ್ಲ, ಸುಮ್ನೆ ಕಿವಿಗೆ ಹಾಗೆ ಕೇಳುತ್ತದೆ. ನೆನಪಿಡೋಕೆ ಅನುಕೂಲ ಆಯ್ತು ಅಷ್ಟೆ. ನೆಮೊತ್ಸ್ ಅಂದರೆ ಕಾಯಿಲೆ. ಅದನ್ನು ಒಡೆದರೆ ‘ನೆ’ ಅಂದರೆ ಇಲ್ಲ, ‘ಮೊತ್ಸ್’ ಅಂದರೆ ಬಲ, ಅಧಿಕಾರ. ಇದನ್ನು ಗುರುತು ಹಾಕಿಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಮೂಲ ಕಾರೆಲ್ ಚಾಪೆಕ್ ಬರೆದ ನಾಟಕ. ‘ರೋಬೋಟ್’ ಅನ್ನೋ ಪದವನ್ನು ಜಗತ್ತಿಗೆ ಕೊಟ್ಟವರು ಇವರೇ. (ಪದ ಹೊಳೆದದ್ದು ಅಣ್ಣ ಯೋಸೆಫ್‌ಗೆ.) ನಾಟಕ 1937ರ ಜನವರಿಯಲ್ಲಿ ಪ್ರಾಗ್‌ನಲ್ಲಿ ರಂಗಕ್ಕೆ ಬಂತು, ಅದೇ ಡಿಸೆಂಬರ್‌ನಲ್ಲಿ ಸಿನಿಮಾ ಬಂತು. ನಿರ್ದೇಶಕ ಹೂಗೋ ಹಾಸ್. ನಾಯಕನಾದ ಡಾಕ್ಟರ್ ಗಾಲೇನ್ ಪಾತ್ರವೂ ಅವರದೇ, ರಂಗದ ಮೇಲೂ ಅವರೇ ಮಾಡಿದ್ದರು. ಹಾಸ್ ಆಗ ಹಾಸ್ಯನಟ ಅಂತ ಹೆಸರಾದವರು. ಆ ಕಾಲದ ಪ್ರೇಕ್ಷಕರಿಗೆ ಅವರ ಮುಖ ಕಂಡರೆ ನಗು ಬರುತ್ತಿತ್ತು. ಇಲ್ಲಿ ಅದೇ ಮುಖ ಮೆಲ್ಲಗೆ, ನಾಚಿಕೊಂಡು, ಹಟ ಬಿಡದೆ ಮಾತಾಡುತ್ತದೆ.

ಕಥೆ ಇಷ್ಟು. ಚೀನಾದಿಂದ ಒಂದು ಸೋಂಕು ಹಬ್ಬುತ್ತದೆ. ಮೈಮೇಲೆ ಬಿಳಿ ಮಚ್ಚೆ, ಮುಟ್ಟಿದರೆ ಸ್ಪರ್ಶ ಗೊತ್ತಾಗುವುದಿಲ್ಲ, ಆಮೇಲೆ ಸಾವು. ತೊನ್ನು ಅಂದುಕೊಳ್ಳಬೇಡಿ, ಕುಷ್ಠದ ನೆರಳು ಜಾಸ್ತಿ. ನಲವತ್ತೈದು-ಐವತ್ತು ದಾಟಿದವರಿಗೇ ಬರುತ್ತದೆ. ಔಷಧ ಗೊತ್ತಿರುವುದು ಗಾಲೇನ್‌ಗೆ ಮಾತ್ರ. ಬಡವರಿಗೆ ಏನೂ ಕೇಳದೆ ಕೊಡುತ್ತಾನೆ. ಹಣವಂತರಿಗೆ, ಅಧಿಕಾರದಲ್ಲಿರುವವರಿಗೆ ಒಂದು ಷರತ್ತು: ಮೊದಲು ಯುದ್ಧದ ತಯಾರಿ ನಿಲ್ಲಿಸಿ.

ಬಹಳ ಜನ ಗಾಲೇನ್‌ನನ್ನು ಸಂತ ಅಂತ ಬರೆದು ಮುಂದೆ ಹೋಗುತ್ತಾರೆ. ನನಗೆ ಅದು ಸಾಲದು ಅನ್ನಿಸುತ್ತದೆ. ಔಷಧ ಕೈಯಲ್ಲಿಟ್ಟುಕೊಂಡು ರೋಗಿಯನ್ನು ವಾಪಸ್ ಕಳಿಸುವುದೂ ಒಂದು ರೀತಿಯ ಬಲಪ್ರಯೋಗವೇ ಅಲ್ವಾ? ದೊಡ್ಡ ಆಸ್ಪತ್ರೆಯ ಮುಖ್ಯಸ್ಥ ಸಿಗೇಲಿಯಸ್ ಇದನ್ನೇ ಹೇಳುತ್ತಾನೆ. ಅವನು ಅಧಿಕಾರಕ್ಕೆ ಬಾಲ ಅಲ್ಲಾಡಿಸುವ ಮನುಷ್ಯ, ಆದರೂ ಆ ಒಂದು ವಾದ ಅಷ್ಟು ಸುಲಭಕ್ಕೆ ಬಿದ್ದುಹೋಗುವುದಿಲ್ಲ.

ನಾನು ಜಾಸ್ತಿ ಹೊತ್ತು ನಿಂತಿದ್ದು ಒಬ್ಬ ಲೆಕ್ಕಿಗನ ಮನೆಯಲ್ಲಿ. ಅವನಿಗೆ ಹೆಸರೇ ಇಲ್ಲ, ಬರೀ ‘ಅಪ್ಪ’. ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಕೆಲಸ. ಮೇಲಿನವರು ರೋಗದಿಂದ ಸಾಯುತ್ತಿದ್ದಂತೆ ಇವನಿಗೆ ಬಡ್ತಿ ಸಿಗುತ್ತದೆ, ಖುಷಿಯಾಗುತ್ತಾನೆ. ಆಮೇಲೆ ಹೆಂಡತಿಗೇ ಮಚ್ಚೆ ಬೀಳುತ್ತದೆ. ಕಾರ್ಖಾನೆ ಬಿಟ್ಟುಬಿಡು, ಔಷಧ ಕೊಡುತ್ತೇನೆ ಅನ್ನುತ್ತಾನೆ ಗಾಲೇನ್. ಅಪ್ಪ ಕೆಲಸ ಬಿಡುವುದಿಲ್ಲ. ಯುದ್ಧವನ್ನು ದೇಶ ಆಳುವ ಸರ್ವಾಧಿಕಾರಿ ಮಾರ್ಷಲ್ ಒಬ್ಬನೇ ನಡೆಸುವುದಿಲ್ಲ, ಇಂಥ ಮನೆಗಳೂ ನಡೆಸುತ್ತವೆ ಅನ್ನುವುದು ಇಲ್ಲಿ ಭಾಷಣ ಇಲ್ಲದೆ ಬರುತ್ತದೆ. ಮಾರ್ಷಲ್ (ನಟ ಜ್ದೆನ್ಯೆಕ್ ಶ್ತ್ಯೆಪಾನೆಕ್) ಆರ್ಭಟಿಸುವ ದೃಶ್ಯಗಳಿಗಿಂತ ನನಗೆ ಇವೇ ಗಟ್ಟಿ.

ಕೊನೆ ಗೊತ್ತಾಗಬಾರದು ಅನ್ನುವವರು ಇಲ್ಲಿಗೆ ನಿಲ್ಲಿಸಿ. ಸೈನ್ಯ ಪುಟ್ಟ ನೆರೆದೇಶದ ಮೇಲೆ ನುಗ್ಗಿದ ಹೊತ್ತಿಗೆ ಮಾರ್ಷಲ್‌ನ ಎದೆಯ ಮೇಲೇ ಮಚ್ಚೆ. ಈಗ ಆ ‘ನೆ-ಮೊತ್ಸ್’ ನೆನಪಿಸಿಕೊಳ್ಳಿ. ಶಾಂತಿಗೆ ಒಪ್ಪಿ ಗಾಲೇನ್‌ಗೆ ಹೇಳಿಕಳಿಸುತ್ತಾನೆ. ಗಾಲೇನ್ ಔಷಧದೊಂದಿಗೆ ಬರುವಾಗ ಬೀದಿಯಲ್ಲಿ ಯುದ್ಧಕ್ಕೆ ಜೈಕಾರ ಕೂಗುವ ಗುಂಪು. ‘ಯುದ್ಧ ಬೇಡ’ ಅಂದದ್ದಕ್ಕೆ ಅವನನ್ನು ತುಳಿದು ಕೊಲ್ಲುತ್ತಾರೆ. ಮಾರ್ಷಲ್ ಮನಸ್ಸು ಬದಲಾಯಿಸಿದರೂ ಅವನು ಹುಚ್ಚು ಹಿಡಿಸಿದ ಜನರ ಮನಸ್ಸು ಬದಲಾಗಲಿಲ್ಲ.

ನಾಟಕ ಅಲ್ಲಿಗೇ ಮುಗಿಯುತ್ತದೆ, ಔಷಧದ ಗುಟ್ಟು ಗಾಲೇನ್ ಜೊತೆಗೇ ಹೋಗುತ್ತದೆ. ಸಿನಿಮಾದಲ್ಲಿ ಅವನು ಗುಟ್ಟನ್ನು ಮೊದಲೇ ಇನ್ನೊಬ್ಬ ಡಾಕ್ಟರ್‌ಗೆ ಕೊಟ್ಟಿರುತ್ತಾನೆ. ನನಗೆ ನಾಟಕದ ಕೊನೆಯೇ ಸರಿ ಅನ್ನಿಸಿತು. ಆದರೆ 1937ರ ಡಿಸೆಂಬರ್‌ನಲ್ಲಿ ಗಡಿಯಾಚೆ ಹಿಟ್ಲರ್‌ನನ್ನು ಇಟ್ಟುಕೊಂಡು ಟಿಕೆಟ್ ತೆಗೆದು ಕೂತ ಪ್ರಾಗ್‌ನವರನ್ನು ಬರಿಗೈಯಲ್ಲಿ ಮನೆಗೆ ಕಳಿಸೋಕೆ ಯಾರಿಗೆ ಮನಸ್ಸು ಬರುತ್ತದೆ?

ಮುಂದಿನ ಸೆಪ್ಟೆಂಬರ್‌ನಲ್ಲಿ, ಚೆಕೊಸ್ಲೊವಾಕಿಯಾದ ಗಡಿಭಾಗವನ್ನು ಹಿಟ್ಲರ್‌ಗೆ ಬಿಟ್ಟುಕೊಟ್ಟ ಮ್ಯೂನಿಕ್ ಒಪ್ಪಂದ ಆಯಿತು. ಅದೇ ವರ್ಷದ ಕ್ರಿಸ್ಮಸ್ ದಿನ ಚಾಪೆಕ್ ತೀರಿಕೊಂಡರು. 1939ರ ಮಾರ್ಚ್‌ನಲ್ಲಿ ಜರ್ಮನ್ ಸೈನ್ಯ ಪ್ರಾಗ್‌ಗೆ ಬಂತು. ಯಹೂದಿಯಾದ ಹಾಸ್ ದೇಶ ಬಿಟ್ಟು ಅಮೆರಿಕ ಸೇರಿದರು. ಅವರ ಅಣ್ಣ, ಸಂಗೀತ ಸಂಯೋಜಕ ಪಾವೆಲ್ ಹಾಸ್, ಅಲ್ಲೇ ಉಳಿದರು. ಅವರನ್ನು 1944ರಲ್ಲಿ ನಾಜಿಗಳ ಸಾವಿನ ಶಿಬಿರವಾದ ಆಷ್ವಿಟ್ಜ್‌ನಲ್ಲಿ ಕೊಂದರು.