ಕೈ ಎತ್ತಿದರೆ ಜೋಮು, ಕತ್ತಿನ ಎಂಆರ್‌ಐ ನಾರ್ಮಲ್: ಇದು ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಇರಬಹುದೇ?

ಪ್ರಶ್ನೆ: ಜಡೆ ಹೆಣೆಯುವಾಗ, ತಂತಿಯ ಮೇಲೆ ಬಟ್ಟೆ ಹರವುವಾಗ ಬಲಗೈ ಸೋತುಬಿಡುತ್ತದೆ. ಉಂಗುರ ಬೆರಳು, ಕಿರುಬೆರಳು ಜೋಮು ಹಿಡಿಯುತ್ತವೆ. ಆರು ತಿಂಗಳಿಂದ ಹೀಗಿದೆ. ಕತ್ತಿನ ಎಂಆರ್‌ಐ, ನರದ ಪರೀಕ್ಷೆ ಎರಡೂ ನಾರ್ಮಲ್ ಬಂದಿವೆ. ಇದು ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಆಗಿರಬಹುದೇ? ಆಪರೇಷನ್ ಮಾಡಿಸಲೇಬೇಕೇ?

ಉತ್ತರ: ಇರಬಹುದು. ಕತ್ತಿನಿಂದ ಕೈಗೆ ಹೋಗುವ ನರ ಅಥವಾ ರಕ್ತನಾಳ ದಾರಿಯಲ್ಲಿ ಒತ್ತಿಕೊಳ್ಳುವುದನ್ನೇ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಎನ್ನುತ್ತಾರೆ. ಎರಡು ರಿಪೋರ್ಟ್ ನಾರ್ಮಲ್ ಬಂದ ಮಾತ್ರಕ್ಕೆ ಇದನ್ನು ತಳ್ಳಿಹಾಕುವಂತಿಲ್ಲ. ಆಪರೇಷನ್ ಮಾತು ಮಾತ್ರ ಈಗಲೇ ಬೇಡ.

ಕತ್ತಿನ ಸಿ5ರಿಂದ ಟಿ1ರವರೆಗಿನ ನರಬೇರುಗಳು ಸೇರಿ ಕೈಗೆ ಹೋಗುವ ನರಜಾಲವಾಗುತ್ತದೆ. ಅದು ಮೊದಲು ಕತ್ತಿನ ಪಕ್ಕದ ಎರಡು ಸ್ಕೇಲೀನ್ ಸ್ನಾಯುಗಳ ನಡುವೆ ನುಸುಳುತ್ತದೆ, ಆಮೇಲೆ ಮೊದಲ ಪಕ್ಕೆಲುಬಿಗೂ ಕಾಲರ್ ಬೋನಿಗೂ ನಡುವೆ, ಕೊನೆಗೆ ಎದೆಯ ಪೆಕ್ಟೊರಾಲಿಸ್ ಮೈನರ್ ಸ್ನಾಯುವಿನ ಕೆಳಗೆ ಸಾಗುತ್ತದೆ. ಈ ಮೂರರಲ್ಲಿ ಎಲ್ಲಿ ಬೇಕಾದರೂ ಒತ್ತಡ ಬೀಳಬಹುದು. ಕೈಗೆ ರಕ್ತ ಒಯ್ಯುವ ಅಪಧಮನಿ ನರಗಳ ಜೊತೆಗೇ ಬರುತ್ತದೆ, ಅಭಿಧಮನಿ ಮುಂದಿನ ಸ್ಕೇಲೀನ್ ಸ್ನಾಯುವಿನ ಎದುರಿನಿಂದ ಹಾಯುತ್ತದೆ. ಕತ್ತಿನ ಎಂಆರ್‌ಐ ನೋಡುವುದು ಮುಖ್ಯವಾಗಿ ಬೆನ್ನುಮೂಳೆ ಮತ್ತು ಡಿಸ್ಕುಗಳನ್ನು, ಅದೂ ಕೈ ಕೆಳಗಿಟ್ಟು ಮಲಗಿದಾಗ. ನಿಮ್ಮ ತೊಂದರೆ ಬರುವುದು ಕೈ ಎತ್ತಿದಾಗ.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ಇಡೀ ತೋಳು ಒಂದೆರಡು ದಿನದಲ್ಲೇ ಊದಿಕೊಂಡು ನೀಲಿಗಟ್ಟಿದರೆ, ಹೆಗಲು ಮತ್ತು ಎದೆಯ ಮೇಲೆ ರಕ್ತನಾಳಗಳು ಎದ್ದು ಕಂಡರೆ ಅದು ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಸೂಚನೆ. ಜಿಮ್‌ನಲ್ಲಿ ಅತಿಯಾಗಿ ಕಸರತ್ತು ಮಾಡಿದ ಯುವಕರಲ್ಲಿ ಹೆಚ್ಚಾಗಿ ಕಾಣುತ್ತದೆ. ಅದೇ ದಿನ ಆಸ್ಪತ್ರೆ ಸೇರಬೇಕು, ಎಣ್ಣೆ ಹಚ್ಚಿ ತಿಕ್ಕಬಾರದು. ಕ್ಯಾಥೆಟರ್ ಮೂಲಕ ಹೆಪ್ಪು ಕರಗಿಸುವ ಔಷಧ ಮೊದಲ ಎರಡು ವಾರದೊಳಗೆ ಕೊಟ್ಟರೇ ಚೆನ್ನಾಗಿ ಕೆಲಸ ಮಾಡುವುದು. ಬೆರಳು ಬಿಳಿಚಿಕೊಂಡು ತಣ್ಣಗಾಗುವುದು, ತುದಿಯಲ್ಲಿ ಕಪ್ಪು ಚುಕ್ಕೆ ಅಥವಾ ಹುಣ್ಣು ಆಗುವುದು ಅಪಧಮನಿಯ ತೊಂದರೆಯ ಲಕ್ಷಣ. ಇದು ಅಪರೂಪ, ಆದರೆ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪ್ರಕರಣಗಳು ನರದವು. ನಿಮ್ಮ ವಿವರಣೆಯೂ ಅದಕ್ಕೇ ಹೊಂದುತ್ತದೆ.

ಈಗ ಜೋಮು ಎಲ್ಲಿಗೆ ನಿಲ್ಲುತ್ತದೆ ಎಂದು ನೋಡಿಕೊಳ್ಳಿ. ನಮ್ಮ ಪ್ರಕಾರ ಇಡೀ ತಪಾಸಣೆಯಲ್ಲಿ ಇದಕ್ಕಿಂತ ಬೆಲೆಬಾಳುವ ಮಾಹಿತಿ ಇಲ್ಲ. ಅಂಗೈ ಮೇಲೆ ಮಾಡಿ ಮೇಜಿನ ಮೇಲಿಡಿ. ಕಿರುಬೆರಳಿನಿಂದ ಮೊಣಕೈವರೆಗೆ ಒಳಬದಿಯಲ್ಲಿ ಹತ್ತಿಯ ಎಳೆ ಸವರಿ, ಇನ್ನೊಂದು ಕೈಗೂ ಹಾಗೇ ಮಾಡಿ ಹೋಲಿಸಿ. ಮೊಣಕೈ ಬಳಿ, ಕಿರುಬೆರಳಿನ ಕಡೆಗೆ ಹೋಗುವ ಅಲ್ನರ್ ನರ ಒತ್ತಿದ್ದರೆ ಸ್ಪರ್ಶ ಮಂದವಾಗುವುದು ಹೆಚ್ಚುಕಡಿಮೆ ಮಣಿಕಟ್ಟಿನವರೆಗೆ ಮಾತ್ರ, ಮುಂಗೈಯ ಒಳಬದಿ ಸರಿಯಾಗಿರುತ್ತದೆ. ಮುಂಗೈಗೂ ಹಬ್ಬಿದ್ದರೆ ಒತ್ತಡ ಅದಕ್ಕಿಂತ ಮೇಲಿದೆ: ನರಜಾಲದ ಕೆಳಭಾಗದಲ್ಲಿ ಅಥವಾ ಸಿ8, ಟಿ1 ಬೇರುಗಳಲ್ಲಿ. ಬೇರಿನ ತೊಂದರೆಯಾದರೆ ಕತ್ತು ತಿರುಗಿಸಿದಾಗ ನೋವು ಕೈಗೆ ಹರಿಯುವುದೇ ಹೆಚ್ಚು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ ಮೊದಲು ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಕೊಳ್ಳುವ ತೊಂದರೆ, ಅನುಮಾನಿಸಬೇಕು.

ವೈದ್ಯರು ಮಾಡಿಸುವ ರೂಸ್ ಪರೀಕ್ಷೆ ಸರಳ. ತೋಳುಗಳನ್ನು ಹೆಗಲ ಮಟ್ಟಕ್ಕೆ ಪಕ್ಕಕ್ಕೆ ಎತ್ತಿ, ಮೊಣಕೈ 90 ಡಿಗ್ರಿ ಮಡಚಿ, ಮೂರು ನಿಮಿಷ ಮುಷ್ಟಿ ಬಿಗಿದು ಬಿಡುತ್ತಿರಬೇಕು. ಆರೋಗ್ಯವಂತರಿಗೂ ತೋಳು ಸೋಲುತ್ತದೆ. ನಿಮಗೆ ಬರುವ ಅದೇ ಜೋಮು ಬಂದು, ಮೂರು ನಿಮಿಷ ಮುಗಿಯುವ ಮೊದಲೇ ಕೈ ಇಳಿಸಬೇಕಾದರೆ ಅದಕ್ಕೆ ಅರ್ಥವಿದೆ. ಕೈ ಎತ್ತಿದಾಗ ನಾಡಿ ನಿಂತಿತು ಎಂಬುದನ್ನೇ ರೋಗದ ಪುರಾವೆ ಎನ್ನುವವರಿದ್ದಾರೆ. ಯಾವ ತೊಂದರೆಯೂ ಇಲ್ಲದ ಎಷ್ಟೋ ಜನರಿಗೆ ನಾಡಿ ಹಾಗೆ ನಿಲ್ಲುತ್ತದೆ, ಹಾಗಾಗಿ ಅದೊಂದನ್ನೇ ನಂಬಬೇಡಿ.

ಮುಂದಿನ ಹೆಜ್ಜೆ ದುಬಾರಿ ಸ್ಕ್ಯಾನ್ ಅಲ್ಲ, ಕತ್ತು ಮತ್ತು ಎದೆಯ ಎಕ್ಸ್‌ರೇ. ನೂರರಲ್ಲಿ ಒಬ್ಬರಿಗೆ, ಅಥವಾ ಅದಕ್ಕಿಂತ ತುಸು ಕಡಿಮೆ ಜನರಿಗೆ, ಕತ್ತಿನಲ್ಲಿ ಒಂದು ಹೆಚ್ಚುವರಿ ಪಕ್ಕೆಲುಬು ಇರುತ್ತದೆ. ಅದು ಎಕ್ಸ್‌ರೇಯಲ್ಲೇ ಕಾಣುತ್ತದೆ, ಅದಕ್ಕೆ ಅಂಟಿಕೊಂಡ ನಾರಿನ ಪಟ್ಟಿ ಕಾಣುವುದಿಲ್ಲ. ಶ್ವಾಸಕೋಶದ ತುದಿಯ ಗಡ್ಡೆಯೂ ಇಂಥದೇ ನೋವು ಕೊಡುವುದರಿಂದ ಧೂಮಪಾನಿಗಳಲ್ಲಿ ಎದೆಯ ಎಕ್ಸ್‌ರೇ ಬಿಡುವಂತಿಲ್ಲ. ನಿಮ್ಮ ನರದ ಪರೀಕ್ಷೆಯ ರಿಪೋರ್ಟನ್ನು ಇನ್ನೊಮ್ಮೆ ನೋಡಿ: ಸಾಮಾನ್ಯವಾಗಿ ಮೀಡಿಯನ್ ಮತ್ತು ಅಲ್ನರ್ ನರಗಳನ್ನಷ್ಟೇ ಪರೀಕ್ಷಿಸಿರುತ್ತಾರೆ. ಮುಂಗೈಯ ಒಳಬದಿಗೆ ಹೋಗುವ ಮೀಡಿಯಲ್ ಆಂಟಿಬ್ರೇಕಿಯಲ್ ಕ್ಯುಟೇನಿಯಸ್ ನರವನ್ನು ಎರಡೂ ಕೈಯಲ್ಲಿ ಪರೀಕ್ಷಿಸಲು ನರರೋಗ ತಜ್ಞರನ್ನು ಕೇಳಿ. ಅದೂ ನಾರ್ಮಲ್ ಬರಬಹುದು. ಆಗ ಅಲ್ಟ್ರಾಸೌಂಡ್ ನೋಡುತ್ತಾ ಮುಂದಿನ ಸ್ಕೇಲೀನ್ ಸ್ನಾಯುವಿಗೆ ಮರಗಟ್ಟಿಸುವ ಔಷಧ ಚುಚ್ಚಿ, ಲಕ್ಷಣ ಕೆಲಕಾಲ ಇಳಿಯುತ್ತದೆಯೇ ಎಂದು ನೋಡುತ್ತಾರೆ. ಅಮೆರಿಕದ ಸೊಸೈಟಿ ಫಾರ್ ವ್ಯಾಸ್ಕುಲರ್ ಸರ್ಜರಿಯ 2016ರ ಮಾನದಂಡದ ಪ್ರಕಾರ ಲಕ್ಷಣಗಳು ಕನಿಷ್ಠ 12 ವಾರ ಇದ್ದು, ನಾಲ್ಕರಲ್ಲಿ ಮೂರು ಅಂಶ ಹೊಂದಬೇಕು: ಒತ್ತುವ ಜಾಗದಲ್ಲೇ ನೋವು, ಕೈಯಲ್ಲಿ ನರದ ಲಕ್ಷಣ, ಬೇರೆ ಕಾರಣ ಇಲ್ಲದಿರುವುದು, ಈ ಇಂಜೆಕ್ಷನ್ನಿಗೆ ಗುಣ ಕಾಣುವುದು.

ನರದ ಬಗೆಯ ಸಿಂಡ್ರೋಮ್‌ಗೆ ಮೊದಲ ಚಿಕಿತ್ಸೆ ಮೂರರಿಂದ ಆರು ತಿಂಗಳ ಫಿಸಿಯೊಥೆರಪಿ. ಅನೇಕರಿಗೆ ಇದು ಕೈಕೊಡುವುದು ಆರಂಭದಲ್ಲೇ, ಡಂಬೆಲ್ ಹಿಡಿಸುವುದರಿಂದ. ಮೊದಲು ಹೊಟ್ಟೆಯಿಂದ ಉಸಿರಾಡುವ ಅಭ್ಯಾಸ, ದಿನಕ್ಕೆರಡು ಸಲ ಐದೈದು ನಿಮಿಷ. ಮೇಲೆದೆಯಿಂದ ಉಸಿರೆಳೆದಷ್ಟೂ ಸ್ಕೇಲೀನ್ ಸ್ನಾಯು ಮೊದಲ ಪಕ್ಕೆಲುಬನ್ನು ಮೇಲಕ್ಕೆ ಜಗ್ಗುತ್ತದೆ. ಆಮೇಲೆ ಬಾಗಿಲ ಚೌಕಟ್ಟಿಗೆ ಮುಂಗೈ ಒತ್ತಿ ನಿಧಾನ ಮುಂದೆ ವಾಲಿ, 20ರಿಂದ 30 ಸೆಕೆಂಡು, ಮೂರು ಸಲ. ಮೊಣಕೈ ಹೆಗಲಿಗಿಂತ ಕೆಳಗಿರಲಿ, ಜೋಮು ಬಂದರೆ ಅಲ್ಲಿಗೇ ನಿಲ್ಲಿಸಿ. ನೋವು ತಗ್ಗಿದ ಮೇಲಷ್ಟೇ ಹೆಗಲ ಹಲಗೆಯನ್ನು ಹಿಡಿದಿಡುವ ಸೆರೇಟಸ್ ಮತ್ತು ಕೆಳ ಟ್ರಪೀಜಿಯಸ್ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಎದೆ ಉಬ್ಬಿಸಿ ಹೆಗಲನ್ನು ಹಿಂದಕ್ಕೂ ಕೆಳಕ್ಕೂ ಎಳೆದು ಕೂರಬೇಡಿ. ಕಾಲರ್ ಬೋನ್ ಮತ್ತು ಪಕ್ಕೆಲುಬಿನ ನಡುವಿನ ಜಾಗ ಅದರಿಂದಲೇ ಕಿರಿದಾಗುತ್ತದೆ. ಒಂದೇ ಹೆಗಲಿಗೆ ಭಾರದ ಬ್ಯಾಗ್, ತಲೆಯ ಮೇಲೆ ಕೈಯಿಟ್ಟು ಮಲಗುವುದು, ಅಟ್ಟಕ್ಕೆ ಸಾಮಾನು ಏರಿಸುವುದು ಸದ್ಯಕ್ಕೆ ಬೇಡ. ಬಟ್ಟೆ ಹರವುವ ತಂತಿಯನ್ನು ಎದೆಮಟ್ಟಕ್ಕೆ ಇಳಿಸಿ.

ಆಪರೇಷನ್ ಯಾರಿಗೆ? ಅಪಧಮನಿ, ಅಭಿಧಮನಿಯ ಬಗೆಗಳಲ್ಲಿ ಹೆಚ್ಚಿನವರಿಗೆ ಬೇಕಾಗುತ್ತದೆ. ನರದ ಬಗೆಯಲ್ಲಿ, ಸರಿಯಾದ ಫಿಸಿಯೊಥೆರಪಿ ಪೂರ್ತಿ ಮಾಡಿಯೂ ದಿನನಿತ್ಯದ ಕೆಲಸ ಆಗದವರಿಗೆ. ಹೆಬ್ಬೆರಳ ಬುಡದ ಮಾಂಸ ಕರಗುತ್ತಿದ್ದರೆ ಆರು ತಿಂಗಳು ಕಾಯಲೇಬೇಡಿ, ಕರಗಿದ್ದು ಪೂರ್ತಿ ಮರಳುವುದು ಅಪರೂಪ. ಕಾಲರ್ ಬೋನಿನ ಮೇಲಿಂದ ಅಥವಾ ಕಂಕುಳಿನ ಮೂಲಕ ಮೊದಲ ಪಕ್ಕೆಲುಬು ಮತ್ತು ಸ್ಕೇಲೀನ್ ಸ್ನಾಯುವನ್ನು ತೆಗೆಯುತ್ತಾರೆ. ಶ್ವಾಸಕೋಶದ ಸುತ್ತ ಗಾಳಿ ತುಂಬುವುದು, ವಪೆಗೆ ಹೋಗುವ ಫ್ರೆನಿಕ್ ನರಕ್ಕೆ ಪೆಟ್ಟಾಗುವುದು, ಎಡಬದಿಯಲ್ಲಿ ದುಗ್ಧರಸ ಸೋರುವುದು ಇದರ ಅಪಾಯಗಳು. ಹಾಗಾಗಿ ಈ ಆಪರೇಷನ್ ಆಗಾಗ ಮಾಡುವ ವ್ಯಾಸ್ಕುಲರ್ ಅಥವಾ ಥೊರಾಸಿಕ್ ಸರ್ಜನ್ನರನ್ನೇ ಹುಡುಕಿ. ಕಳೆದ ವರ್ಷ ಇಂಥವು ಎಷ್ಟು ಮಾಡಿದ್ದೀರಿ ಎಂದು ಕೇಳಲು ಸಂಕೋಚ ಬೇಡ.